ಉಸ್ತಾದರ ಬಾಗಿಲಿನ ಕೆಂಪು ಗಿಳಿ

ಬಾಗಿಲು ಆರೂವರೆ ಅಡಿ ಎತ್ತರ, ಮೂರಡಿ ಅಗಲ. ಸಾಗುವಾನಿಯದು. ಹಸಿರು ಆಯಿಲ್ ಪೇಂಟ್ ಬಳಿದು ಯಾವ ಕಾಲವಾಗಿತ್ತೋ, ಬಿಸಿಲಿಗೆ ಬಣ್ಣ ಬೂದಿಗೆ ತಿರುಗಿತ್ತು. ಅದರ ಮೇಲೆ ಎಂಬತ್ತೇಳು ಸ್ಟಿಕ್ಕರುಗಳಿದ್ದವು. ಹದ್ದು, ಕಮಲ, ಜೋಡಿ ಕಣ್ಣು, ಹುಲಿಯ ಮುಖ, ಓಡುವ ಕುದುರೆ, 'ಮಾ' ಎಂಬ ಅಕ್ಷರ. ಆಟೋರಿಕ್ಷಾಗಳ ಬೆನ್ನಿಗೂ ಲಾರಿಗಳ ಹಣೆಗೂ ಅಂಟಿಸುತ್ತಾರಲ್ಲ, ದೀಪ ಬಿದ್ದರೆ ಹೊಳೆಯುವ ಹಾಳೆ, ಊರೆಲ್ಲ ರೇಡಿಯಂ ಎಂದು ಕರೆಯುವುದು, ಅದರಲ್ಲಿ ಬ್ಲೇಡಿನಿಂದ ಕೈಯಲ್ಲೇ ಕತ್ತರಿಸಿದವು. ಒಂದರ ಮೇಲೂ ಹೆಸರಿರಲಿಲ್ಲ.

ಬಾಗಿಲು ಮಣಿನಗರ ಸ್ಟೇಷನ್ನಿನ ಎದುರಿನ ಗಲ್ಲಿಯ ಒಂದು ಅಂಗಡಿಯದು. ಅಂಗಡಿಯ ಯಜಮಾನರನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಅಹಮದಾಬಾದ್, ವಡೋದರಾ, ಸೂರತ್ ಮೂರೂ ಊರುಗಳ ರೇಡಿಯಂ ಕತ್ತರಿಸುವವರಲ್ಲಿ ಅರ್ಧದಷ್ಟು ಜನ ಅವರ ಹತ್ತಿರ ಕಲಿತವರು. ಆದರೆ ಆಗ, ಇಸವಿ ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು, ಕಂಪ್ಯೂಟರಿಗೆ ಜೋಡಿಸಿ ಸ್ಟಿಕ್ಕರ್ ಕತ್ತರಿಸುವ ಯಂತ್ರ ಬಂದು ಕೈ ಕೆಲಸ ಸೊರಗತೊಡಗಿತ್ತು. ಆ ಕಟ್ಟಡದ ಮಾಲೀಕರಿಗೆ ಹೊಸ ಕಟ್ಟಡ ಬೇಕಾಗಿತ್ತು. ಸೋಮವಾರ ಗೋಡೆ ಒಡೆಯಲು ಶುರು ಮಾಡುತ್ತೇವೆ ಎಂದು ತಿಂಗಳ ಮೊದಲೇ ಹೇಳಿಬಿಟ್ಟಿದ್ದರು.

ನಾನು ವಡೋದರಾದ ಒಂದು ಗ್ರಂಥಾಲಯದಲ್ಲಿ ಹಳೆ ಕಾಗದ ದುರಸ್ತಿ ಮಾಡುವವಳು. ಹುಳ ತಿಂದ ಹಾಳೆಗೆ ತೇಪೆ ಹಾಕುವುದು, ಹಳೆ ನಕ್ಷೆಯ ಬೆನ್ನಿನ ಅಂಟು ಬಿಡಿಸುವುದು ನನ್ನ ಕೆಲಸ. ಅಹಮದಾಬಾದಿನ ಒಂದು ಸಣ್ಣ ಖಾಸಗಿ ಸಂಗ್ರಹಾಲಯ ಈ ಸ್ಟಿಕ್ಕರುಗಳನ್ನು ಇಟ್ಟುಕೊಳ್ಳಲು ಒಪ್ಪಿ ನನ್ನನ್ನು ಕರೆಸಿತು. ಕರಾರು ಸ್ಪಷ್ಟವಾಗಿತ್ತು. ಎಂಬತ್ತೇಳನ್ನೂ ಬಿಡಿಸಬೇಕು, ಒಂದೊಂದನ್ನೂ ಪಾಲಿಯೆಸ್ಟರ್ ಲಕೋಟೆಗೆ ಹಾಕಬೇಕು, ನಂಬರ್ ಕೊಟ್ಟು ಆಲ್ಬಮ್ಮಿನಲ್ಲಿ ಜೋಡಿಸಬೇಕು. ನಾನು ರಜೆ ಹಾಕಿ ಮಂಗಳವಾರ ಬಂದೆ. ಉಳಿದದ್ದು ಆರು ದಿನ. ಮೇ ತಿಂಗಳು ಬೇರೆ.

ಇಳಿದುಕೊಂಡದ್ದು ಅಪ್ಪನ ಹೋಟೆಲಿನ ಮಹಡಿಯಲ್ಲಿ. ಉಡುಪಿ ಕಡೆಯಿಂದ ಬಂದ ಅಪ್ಪ ಮಣಿನಗರದಲ್ಲಿ ಇಡ್ಲಿ ಮಾರುತ್ತ ಮುದುಕರಾದವರು. ಅವರ ಹೋಟೆಲಿಗೂ ಉಸ್ತಾದರ ಅಂಗಡಿಗೂ ನಡುವೆ ನೂರು ಹೆಜ್ಜೆ.

ಮೊದಲ ದಿನ ಎಲ್ಲ ನಿಯಮದ ಪ್ರಕಾರ ನಡೆಯಿತು. ಬಾಗಿಲಿನ ಮೇಲೆ ದಾರ ಕಟ್ಟಿ ಚೌಕಗಳನ್ನು ಮಾಡಿದೆ. ಪ್ರತಿ ಚೌಕದ ಫೋಟೋ ತೆಗೆದೆ, ಪಾರದರ್ಶಕ ಹಾಳೆ ಇಟ್ಟು ಪ್ರತಿ ಸ್ಟಿಕ್ಕರಿನ ಗಡಿ ಗೀಟಿದೆ, ನಂಬರ್ ಹಾಕಿದೆ. ಉಸ್ತಾದರು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು. ಅವರ ಗುಜರಾತಿಗೂ ನನ್ನ ಹಿಂದಿ ಬೆರೆತ ಗುಜರಾತಿಗೂ ಹೊಂದಾಣಿಕೆಯಾಗಿತ್ತು. ನನ್ನನ್ನು ಬೆನ್ ಎನ್ನುತ್ತಿದ್ದರು, ತಂಗಿ ಎಂದ ಹಾಗೆ. ನಡುನಡುವೆ ಎದ್ದು ಬಂದು ಒಂದು ಸ್ಟಿಕ್ಕರಿನ ಅಂಚಿನ ಮೇಲೆ ಹೆಬ್ಬೆರಳ ಉಗುರು ಓಡಿಸುತ್ತಿದ್ದರು. "ಇದು ವಡೋದರಾದವನದ್ದು. ತಿರುವಿನಲ್ಲಿ ಬ್ಲೇಡ್ ಎತ್ತುತ್ತಾನೆ, ನೋಡಿ ಬೆನ್, ಇಲ್ಲಿ ಉಗುರು ಎಡವುತ್ತದೆ. ಇವನು ನರೋಡಾದವನು. ಕೊನೆಗೆ ಬರುವಾಗ ಅವಸರ." ಹೆಸರು ಯಾಕೆ ಬರೆದಿಲ್ಲ ಎಂದು ಕೇಳಿದೆ. "ತಪ್ಪು ಒಬ್ಬೊಬ್ಬನದ್ದು ಒಂದೊಂದು ಜಾಗದಲ್ಲಿ ಇರುತ್ತದೆ. ಹೆಸರು ಯಾಕೆ ಬೇಕು?" ಎಂದರು. ಅದನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡೆ. ಕೇಳಿದ್ದನ್ನೆಲ್ಲ ಬರೆದುಕೊಂಡರೆ ತಿಳಿದುಕೊಂಡ ಹಾಗೆ ಎಂಬ ಭ್ರಮೆ ನಮ್ಮ ಕೆಲಸದವರಿಗೆ ಇರುತ್ತದೆ.

ಎರಡನೆಯ ದಿನ ಪರೀಕ್ಷೆ. ಯಾವ ವಸ್ತುವನ್ನೇ ಆಗಲಿ ಬಿಡಿಸುವ ಮೊದಲು ಒಂದು ಚಿಕ್ಕ, ಮುಖ್ಯವಲ್ಲದ ತುಂಡಿನ ಮೇಲೆ ಪ್ರಯೋಗ ಮಾಡಬೇಕು. ಕೆಳಗೆ ಎಡಮೂಲೆಯಲ್ಲಿ, ತಿರುಗಣಿಯ ಹತ್ತಿರ, ಎಂಬತ್ತಮೂರನೆಯದು ಬೇರೆ ಯಾವುದನ್ನೂ ಮುಟ್ಟದೆ ಒಂಟಿಯಾಗಿತ್ತು. ಅಂಗೈಯಷ್ಟು ದೊಡ್ಡ ಕೆಂಪು ಗಿಳಿ. ಕತ್ತಿನ ಹತ್ತಿರ ಬ್ಲೇಡ್ ಜಾರಿ ಒಳಕ್ಕೆ ಒಂದು ಕಚ್ಚು ಬಿದ್ದಿತ್ತು. ನನ್ನ ಕಣ್ಣಿಗೆ ಇಡೀ ಬಾಗಿಲಿನಲ್ಲಿ ಅದಕ್ಕಿಂತ ಕಳಪೆಯದು ಇರಲಿಲ್ಲ. ಹಾಗಾಗಿ ಅದನ್ನೇ ಆರಿಸಿದೆ.

ಉಸ್ತಾದರು ಕ್ಷೌರಕ್ಕೆ ಹೋಗಿದ್ದರು. ಅವರು ಬರುವವರೆಗೆ ಕಾಯಬಹುದಿತ್ತು. ನನಗೆ ಕಾಯುವ ಬುದ್ಧಿ ಇಲ್ಲ. ಹೇರ್ ಡ್ರೈಯರನ್ನು ಒಂದು ಗೇಣು ದೂರದಲ್ಲಿ ಹಿಡಿದು ನಲವತ್ತು ಎಣಿಸಿದೆ. ಬಾಲದ ತುದಿ ಮೆತ್ತಗಾಯಿತು. ಬಿದಿರಿನ ಚೂರಿ ತೂರಿಸಿ, ಹಿಂದಿನಿಂದ ಗಾಳದ ನೈಲಾನ್ ದಾರ ಎಳೆದು, ಗರಗಸದಂತೆ ಆಚೀಚೆ ಆಡಿಸುತ್ತ ಮೇಲಕ್ಕೆ ಹೋದೆ. ಹನ್ನೊಂದು ನಿಮಿಷದಲ್ಲಿ ಗಿಳಿ ಇಡಿಯಾಗಿ ಬಂತು. ಬಾಲದಲ್ಲಿ ಒಂದು ಕೂದಲೆಳೆ ಬಿರುಕು ಬಿಟ್ಟಿದ್ದು ಬಿಟ್ಟರೆ ಬೇರೆ ಹಾನಿ ಇಲ್ಲ. ಅದನ್ನು ಅಂಟದ ಕಾಗದದ ಮೇಲೆ ಮಲಗಿಸಿ ಬಾಗಿಲು ನೋಡಿದರೆ, ಗಿಳಿ ಇದ್ದ ಜಾಗದಲ್ಲಿ ಬಿಸಿಲು ಕಾಣದ ಹಳೆ ಹಸಿರು ಹಾಗೇ ಉಳಿದಿತ್ತು. ಬೂದು ಬಾಗಿಲಿನ ಮೇಲೆ ಎಳೆ ಹಸಿರು ಗಿಳಿ. ನನಗೆ ಖುಷಿಯೋ ಖುಷಿ. ಅದರ ಗಡಿಯನ್ನೂ ಬೇರೆ ಹಾಳೆಯ ಮೇಲೆ ಗೀಟಿಕೊಂಡೆ.

ಉಸ್ತಾದರು ಬಂದರು. ಬಾಗಿಲನ್ನೂ ಕಾಗದದ ಮೇಲಿನ ಗಿಳಿಯನ್ನೂ ನೋಡಿದರು.

"ಯಾರು ತೆಗೆದದ್ದು?"

"ನಾನೇ. ಎಷ್ಟು ಚೆನ್ನಾಗಿ ಬಂತು ನೋಡಿ."

ಅವರು ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತು ಒಂದು ಲೋಟ ನೀರು ಕುಡಿದರು. ಆಮೇಲೆ, ಹೊಸ ಹುಡುಗರಿಗೆ ಪಾಠ ಹೇಳುವ ದನಿಯಲ್ಲಿ, ಆ ಬಾಗಿಲಿನ ರೀತಿ ಹೇಳಿದರು. ಕಲಿತು ಮುಗಿಸಿದವನು ಗುರುವಿನ ಸಹಾಯವಿಲ್ಲದೆ ಒಂದು ಚಿತ್ರ ಕತ್ತರಿಸಿ ಈ ಬಾಗಿಲಿಗೆ ಅಂಟಿಸುತ್ತಾನೆ. ಅಲ್ಲಿಂದ ಅವನು ಈ ಮನೆಯವನು. ಕಸುಬು ಬಿಟ್ಟರೆ ತಾನೇ ಬಂದು ತನ್ನ ಕೈಯಿಂದ ಬಿಡಿಸಿಕೊಂಡು ಹೋಗುತ್ತಾನೆ. ಸತ್ತರೆ ಉಸ್ತಾದರೇ ತೆಗೆಯುತ್ತಾರೆ. ಬದುಕಿರುವವನದ್ದನ್ನು ಬೇರೆಯವರು ತೆಗೆದರೆ ಅರ್ಥ ಒಂದೇ. ಈ ಮನೆಯವನು ನೀನಲ್ಲ.

"ಆದರೆ ನೀವೇ ಸಂಗ್ರಹಾಲಯದ ಪತ್ರಕ್ಕೆ ರುಜು ಹಾಕಿದ್ದೀರಿ," ಎಂದೆ. ತಪ್ಪು ಮಾಡಿದಾಗ ನನಗೆ ಮೊದಲು ನೆನಪಾಗುವುದು ಕಾಗದ ಪತ್ರವೇ.

"ತೆಗೆದುಕೊಂಡು ಹೋಗುತ್ತೇವೆ ಅಂದರು ಬೆನ್. ಬಾಗಿಲು ಹೋಗುತ್ತದೆ ಅಂದುಕೊಂಡೆ. ಒಂದೊಂದನ್ನೂ ಕೀಳುತ್ತೇವೆ ಅಂತ ಯಾರೂ ಹೇಳಲಿಲ್ಲ." ಕಾಗದದ ಮೇಲಿನ ಗಿಳಿಯನ್ನು ತೋರಿಸಿ, "ಅದು ನನ್ನ ಮಗನದ್ದು," ಎಂದರು.

ಮಗ ಐದು ವರ್ಷದ ಹಿಂದೆ ಯಂತ್ರ ಕೊಳ್ಳಬೇಕು ಎಂದಿದ್ದ. ಯಂತ್ರ ತರುವವನು ಮೊದಲು ಬಾಗಿಲಿನಿಂದ ತನ್ನ ಗಿಳಿಯನ್ನು ಬಿಡಿಸಿಕೊಂಡು ಹೋಗಲಿ ಎಂದು ಉಸ್ತಾದರು ಹೇಳಿದ್ದರು. ಮಗ ಸೂರತ್ತಿಗೆ ಹೋದ, ಯಂತ್ರ ಕೊಂಡ, ಗಿಳಿಯನ್ನು ಮಾತ್ರ ಬಿಡಿಸಲಿಲ್ಲ. ಉಸ್ತಾದರೂ ತೆಗೆಯಲಿಲ್ಲ. ಐದು ವರ್ಷದಿಂದ ಇಬ್ಬರ ನಡುವೆ ಮಾತಿಲ್ಲ, ಪತ್ರವಿಲ್ಲ. ಉಳಿದದ್ದು ಆ ಗಿಳಿಯೊಂದೇ. ಅದನ್ನು ನಾನು ಹನ್ನೊಂದು ನಿಮಿಷದಲ್ಲಿ ಬಿಡಿಸಿ ಹಾಕಿದ್ದೆ.

ಸಂಜೆಯೊಳಗೆ ಸುದ್ದಿ ಸೂರತ್ ತಲುಪಿತು. ಪಕ್ಕದ ಗಲ್ಲಿಯ ರೇಡಿಯಂ ಅಂಗಡಿಯವನು ಬಾಗಿಲಿನ ಖಾಲಿ ಜಾಗ ನೋಡಿ ಎಸ್‌ಟಿಡಿ ಬೂತಿಗೆ ಓಡಿದ್ದನಂತೆ. ಉಸ್ತಾದರಿಗೆ, "ನೀವೊಂದು ಫೋನ್ ಮಾಡಿ, ನನ್ನ ತಪ್ಪು ಅಂತ ಹೇಳಿ," ಎಂದು ಬೇಡಿಕೊಂಡೆ. ಅವರು ತಲೆ ಅಲ್ಲಾಡಿಸಿದರು. "ಅವನು ಕೇಳಲಿ, ಹೇಳುತ್ತೇನೆ. ಕೇಳದವನಿಗೆ ಏನು ಹೇಳುವುದು?" ಅಪ್ಪನೂ ಮಗನೂ ಒಂದೇ ಮರದಲ್ಲಿ ಕಡೆದವರು ಎಂದು ಆಗಲೇ ಗೊತ್ತಾಯಿತು.

ನನ್ನ ಅಪ್ಪನಿಗೆ ಹೇಳಿದೆ. ಅವರು ಗಲ್ಲಾದ ಹಿಂದೆ ಕೂತು ಕೇಳಿಸಿಕೊಂಡರು.

"ಎಂತ ಕೆಲಸ ಮಾಡಿದ್ದು ಮಾರಾಯ್ತಿ ನೀನು? ನನ್ನತ್ರ ಒಂದು ಮಾತು ಕೇಳ್ಬಹುದಿತ್ತಲ್ಲ. ಇಪ್ಪತ್ತು ವರ್ಷದಿಂದ ಆ ಮನುಷ್ಯ ಬೆಳಿಗ್ಗೆ ಇಲ್ಲಿಗೇ ಬರುದು. ಆ ಬಾಗ್ಲಿನ ಕತೆ ನಂಗೆ ಗೊತ್ತಿಲ್ವಾ?"

"ನೀವು ಹೇಳ್ಲಿಲ್ಲ."

"ನೀನು ಕೇಳ್ಲಿಲ್ಲ. ನಿನ್ನ ಲೆಕ್ಕದಲ್ಲಿ ನಾನು ಇಡ್ಲಿ ಬೇಯಿಸುವವ. ಓದಿದವರಿಗೆ ನಾನೆಂತ ಹೇಳುದು."

ಅದು ನಿಜವಾಗಿತ್ತು, ಅದಕ್ಕೇ ನನಗೆ ಸಿಟ್ಟು ಬಂತು. "ಈಗ ಎಂತ ಮಾಡುದು ಅದನ್ನಾದ್ರೂ ಹೇಳಿ," ಎಂದೆ.

"ಮಾಡಿದ್ದುಣ್ಣೋ ಮಹರಾಯ ಅಂತ ಸುಮ್ನೆ ಹೇಳುದಲ್ಲ. ಕಿತ್ತವಳು ನೀನು. ಸೂರತ್ತಿಗೆ ಹೋಗ್ಬೇಕಾದವಳೂ ನೀನೇ."

ಹೋಗುವ ಮೊದಲು ಇನ್ನೊಂದು ಕೆಲಸವಿತ್ತು. ಗುರುವಾರ ಬೆಳಿಗ್ಗೆ ಹೋಟೆಲಿನ ಫೋನಿನಿಂದಲೇ ಸಂಗ್ರಹಾಲಯದ ಮೇಲ್ವಿಚಾರಕಿಗೆ ಹೇಳಿದೆ. ನಾನು ಇನ್ನೊಂದನ್ನೂ ಬಿಡಿಸುವುದಿಲ್ಲ. ಬಾಗಿಲನ್ನೇ ಇಡಿಯಾಗಿ ತರುತ್ತೇನೆ. ಉಸ್ತಾದರ ರೀತಿ ಮಾತ್ರವಲ್ಲ, ನನ್ನ ಕಸುಬಿನ ಕಾರಣವೂ ಇತ್ತು. ಮೂವತ್ತಕ್ಕೂ ಹೆಚ್ಚು ಸ್ಟಿಕ್ಕರುಗಳು ಒಂದರ ಮೇಲೊಂದು ಹತ್ತಿದ್ದವು. ಮೇಲಿನದನ್ನು ಎಳೆದರೆ ಕೆಳಗಿನದರ ಹೊಳಪು ಅದರ ಜೊತೆಗೇ ಬರುತ್ತದೆ. ಯಾರು ಮೊದಲು ಬಂದರು, ಯಾರು ಯಾರ ಪಕ್ಕ ಜಾಗ ಹಿಡಿದರು ಎಂಬುದೆಲ್ಲ ಆ ಬಾಗಿಲಿನ ಮೇಲಷ್ಟೇ ಓದಲು ಸಿಗುತ್ತದೆ. ಆಲ್ಬಮ್ಮಿನಲ್ಲಿ ಅದು ಸಿಗುವುದಿಲ್ಲ.

"ಆಲ್ಬಮ್ ಇಡಲು ಅಲ್ಮಾರಿ ಮಾಡಿಸಿ ಆಗಿದೆ," ಎಂದರು ಮೇಲ್ವಿಚಾರಕಿ. "ಬಾಗಿಲು ತಂದು ಎಲ್ಲಿಡಲಿ? ಗೆದ್ದಲು ಬಂದರೆ?"

"ಗೆದ್ದಲು ಚೌಕಟ್ಟಿನಲ್ಲಿದೆ, ಬಾಗಿಲಿನಲ್ಲಿಲ್ಲ. ನೋಡಿದ್ದೇನೆ. ಬಾಗಿಲು ಬೇಡವಾದರೆ ಬೇರೆ ಯಾರನ್ನಾದರೂ ಕರೆಸಿ, ನಾನು ಕೀಳುವುದಿಲ್ಲ."

ಕೊನೆಗೆ ಅವರು ಒಪ್ಪಿದರು, ಒಂದು ಷರತ್ತಿನ ಮೇಲೆ. ಸೋಮವಾರ ಮಧ್ಯಾಹ್ನ ಒಂದು ಗಂಟೆಯೊಳಗೆ ಬಾಗಿಲು ಅವರ ಕೋಣೆಯಲ್ಲಿರಬೇಕು. ಆಮೇಲೆ ಬೇಸಿಗೆ ರಜೆ, ಹದಿನೈದು ದಿನ ಬೀಗ. ಅಷ್ಟು ದಿನ ಆ ಬಿಸಿಲಿನಲ್ಲಿ ಬಾಗಿಲನ್ನು ಎಲ್ಲೋ ಇಟ್ಟರೆ ಅಂಟು ಕರಗಿ ಸ್ಟಿಕ್ಕರುಗಳು ತಾವೇ ಸುರುಳಿ ಸುತ್ತಿಕೊಂಡು ಬೀಳುತ್ತವೆ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಗುರುವಾರ ಮಧ್ಯಾಹ್ನ ಗಿಳಿಯನ್ನು ಎರಡು ರಟ್ಟುಗಳ ನಡುವೆ ಇಟ್ಟುಕೊಂಡು ವಡೋದರಾದ ನನ್ನ ಮೇಜಿಗೆ ಬಂದೆ. ಅದೇ ಗಿಳಿಯನ್ನು ಅದೇ ಜಾಗಕ್ಕೆ ಮತ್ತೆ ಅಂಟಿಸಬಹುದೇ ಎಂದು ನೋಡಬೇಕಿತ್ತು. ಬಾಲದ ಬಿರುಕಿನ ಹತ್ತಿರ ಒಂದು ಹನಿ ದ್ರಾವಕ ಬಿಟ್ಟು ಹಳೆ ಅಂಟು ಜೀವ ಹಿಡಿಯುತ್ತದೆಯೇ ಎಂದು ಕಾದೆ. ಅದು ಗೋಂದಿನ ಪುಡಿಯಾಗಿ ಉದುರಿತು. ಆಮೇಲೆ ಬಾಗಿಲಿನಿಂದ ಗೀಟಿಕೊಂಡಿದ್ದ ಖಾಲಿ ಜಾಗದ ನಕ್ಷೆಯ ಮೇಲೆ ಗಿಳಿಯನ್ನು ಇಟ್ಟು ನೋಡಿದೆ. ಗಿಳಿ ಎರಡು ಮಿಲಿಮೀಟರ್ ಚಿಕ್ಕದಾಗಿತ್ತು. ಇಷ್ಟು ವರ್ಷ ಬಾಗಿಲು ಅದನ್ನು ಹಿಗ್ಗಿಸಿ ಹಿಡಿದಿತ್ತು. ಬಿಟ್ಟ ಕೂಡಲೇ ಹಾಳೆ ಕುಗ್ಗಿತ್ತು. ಈಗ ಹೊಸ ಅಂಟು ಹಾಕಿ ಅಂಟಿಸಿದರೂ ಸುತ್ತ ಹಸಿರು ಗೆರೆ ಕಾಣುತ್ತದೆ, ಯಾರೋ ಕಿತ್ತು ಹಚ್ಚಿದ್ದು ಎಂದು ಸಾರಿ ಹೇಳುತ್ತದೆ. ಫತೇಗಂಜ್‌ನ ನನ್ನ ಕೋಣೆಯಲ್ಲಿ ಅವತ್ತು ಊಟ ಸೇರಲಿಲ್ಲ. ಎಷ್ಟೋ ನಕ್ಷೆ, ಎಷ್ಟೋ ಪತ್ರ ಉಳಿಸಿದ್ದೇನೆ ಎಂದು ಹೆಮ್ಮೆಪಡುತ್ತಿದ್ದ ನನ್ನ ಕೈ ಮೇಲೆ ನನಗೇ ಹೇಸಿಗೆ ಬಂತು.

ಶುಕ್ರವಾರ ಬೆಳಗಿನ ಗಾಡಿಗೆ ಸೂರತ್.

ಮಗನ ಅಂಗಡಿ ಸ್ಟೇಷನ್ನಿನ ಆಚೆ, ಬಟ್ಟೆ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ. ಒಂದು ಕಂಪ್ಯೂಟರ್, ಒಂದು ಕತ್ತರಿಸುವ ಯಂತ್ರ, ಗೋಡೆಗೆ ಬಣ್ಣಬಣ್ಣದ ಹಾಳೆಯ ಸುರುಳಿಗಳು. ಯಂತ್ರ ಕೀಚ್ ಕೀಚ್ ಎನ್ನುತ್ತ ಸೀರೆಯ ಡಬ್ಬಕ್ಕೆ ನವಿಲುಗಳನ್ನು ಕತ್ತರಿಸುತ್ತಿತ್ತು. ಮೂವತ್ತೈದರ ಆಸುಪಾಸಿನ ಮನುಷ್ಯ. ಉಸ್ತಾದರದ್ದೇ ಹಣೆ. ನಾನು ಯಾರೆಂದು ಹೇಳಿ ರಟ್ಟು ಬಿಚ್ಚಿದೆ. ಅವನು ಗಿಳಿಯನ್ನು ನೋಡಿದ, ಮುಟ್ಟಲಿಲ್ಲ.

"ತಲುಪಿಸುವುದಕ್ಕೂ ಜನ ಇಟ್ಟಿದ್ದಾರಾ?"

"ಅವರು ಕಳಿಸಲಿಲ್ಲ. ನಾನೇ ಬಂದೆ. ತೆಗೆದದ್ದು ನಾನು, ರೀತಿ ಗೊತ್ತಿಲ್ಲದೆ. ನಿಮ್ಮ ತಂದೆ ಕ್ಷೌರಕ್ಕೆ ಹೋಗಿದ್ದರು."

"ಅವರು ತೆಗೆ ಅನ್ನಲಿಲ್ಲ?"

"ಇಲ್ಲ."

"ಅವರ ಕೈಯೂ ತಾಗಿಲ್ಲ?"

"ಇಲ್ಲ. ಬಂದು ನೋಡಿದರು. ನೀರು ಕುಡಿದರು."

ಅವನು ಯಂತ್ರ ನಿಲ್ಲಿಸಿದ. ಅಂಗಡಿ ಒಮ್ಮೆಲೇ ಸದ್ದಿಲ್ಲದಾಯಿತು. ನಂಬಬೇಕೋ ಬಿಡಬೇಕೋ ಅವನಿಗೆ ಗೊತ್ತಾಗುತ್ತಿರಲಿಲ್ಲ. ಎರಡು ದಿನ ಅವನು, ಅಪ್ಪ ತನ್ನನ್ನು ಮನೆಯಿಂದ ಹೊರಗೆ ಹಾಕಿದರು ಎಂದೇ ನಂಬಿ ಬದುಕಿದ್ದ. ಆಮೇಲೆ ಗಿಳಿಯನ್ನು ಎತ್ತಿ ಬೆಳಕಿಗೆ ಹಿಡಿದು ಕತ್ತಿನ ಕಚ್ಚು ತೋರಿಸಿದ. "ಇದನ್ನು ಹೇಳಿ ಹೇಳಿ ಹನ್ನೆರಡು ವರ್ಷ ನನ್ನನ್ನು ಆಡಿಕೊಂಡರು. ಅಂಗಡಿಗೆ ಬಂದ ಗಿರಾಕಿಗೆಲ್ಲ ತೋರಿಸುವುದು. ನೋಡಿ, ನನ್ನ ಮಗ ಗಿಳಿಯ ಕತ್ತು ಕೊಯ್ದಿದ್ದಾನೆ. ನನ್ನ ಕೈ ಸರಿಯಿಲ್ಲವಂತೆ, ಅದಕ್ಕೇ ಯಂತ್ರದ ಹಿಂದೆ ಹೋದೆನಂತೆ."

ಆ ಕಚ್ಚು ನೋಡಿಯೇ ನಾನೂ ಅದನ್ನು ಕಳಪೆ ಎಂದು ಆರಿಸಿದ್ದು. ಅದನ್ನು ಅವನಿಗೆ ಹೇಳುವ ಧೈರ್ಯ ಇರಲಿಲ್ಲ.

"ಆ ಜಾಗ ಈಗ ಹೇಗಿದೆ?" ಎಂದ.

ನಕ್ಷೆ ತೋರಿಸಿದೆ. ಗಿಳಿ ಕುಗ್ಗಿದ್ದನ್ನು, ಅದು ಇನ್ನು ಆ ಜಾಗಕ್ಕೆ ಹೊಂದುವುದಿಲ್ಲ ಎಂಬುದನ್ನು ಹೇಳಿದೆ. ಅವನು ನಕ್ಷೆಯ ಮೇಲೆ ಗಿಳಿ ಇಟ್ಟು, ಎರಡರ ನಡುವಿನ ಗೆರೆಯನ್ನು ತುಂಬ ಹೊತ್ತು ನೋಡಿದ.

"ಎರಡನ್ನೂ ಇಲ್ಲಿ ಬಿಟ್ಟು ಹೋಗಿ."

ಸಂಗ್ರಹಾಲಯದ ನಂಬರ್ ಬಿದ್ದ ವಸ್ತು ಅದು. ರಸೀದಿ ಇಲ್ಲದೆ, ರುಜು ಇಲ್ಲದೆ ಯಾರ ಕೈಗೂ ಕೊಡುವ ಹಾಗಿಲ್ಲ. ಹದಿನೈದು ವರ್ಷದ ಕೆಲಸದಲ್ಲಿ ಒಂದು ಲಕೋಟೆಯನ್ನೂ ನಾನು ಹಾಗೆ ಕೊಟ್ಟವಳಲ್ಲ. ಅವನು ಅದನ್ನು ಹರಿದು ಹಾಕಬಹುದಿತ್ತು, ಕಸಕ್ಕೆ ಎಸೆಯಬಹುದಿತ್ತು. ಚೀಲದಲ್ಲಿ ರಸೀದಿ ಪುಸ್ತಕವೂ ಇತ್ತು. ಆದರೆ ಆ ಗಿಳಿ ಯಾರದ್ದು? ಉಸ್ತಾದರ ರೀತಿಯ ಪ್ರಕಾರ ನೋಡಿದರೆ ನಾನು ಕದ್ದ ಮಾಲು ಹಿಡಿದು ನಿಂತಿದ್ದೆ. ರಸೀದಿ ಪುಸ್ತಕ ತೆಗೆಯಲಿಲ್ಲ.

"ಸೋಮವಾರ ಹನ್ನೊಂದರವರೆಗೆ ಬಾಗಿಲು ಅಂಗಡಿಯ ಮುಂದೆ ಇರುತ್ತದೆ," ಎಂದೆ.

ಅವನು ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ನಾನು ಮೆಟ್ಟಿಲು ಇಳಿಯುವ ಮೊದಲೇ ಯಂತ್ರ ಮತ್ತೆ ಕೀಚ್ ಎನ್ನತೊಡಗಿತ್ತು.

ಶನಿವಾರ ನರೋಡಾ. ಅಲ್ಲಿನ ಒಂದು ಕಾರ್ಖಾನೆಯಲ್ಲಿ ಸ್ಟಿಕ್ಕರುಗಳಿಗೆ ಅಂಟದ ಹಾಳೆಯೂ ಮೆತ್ತನೆಯ ಫೋಮೂ ಸಿಗುತ್ತದೆ ಎಂದು ಯಾರೋ ಹೇಳಿದ್ದರು. ಗೇಟಿನವನು ಒಂದು ತಾಸು ಬಿಸಿಲಿನಲ್ಲಿ ನಿಲ್ಲಿಸಿದ. ಕೊನೆಗೆ ಸಿಕ್ಕಿತು. ಸಂಜೆ ಉಸ್ತಾದರಿಗೆ ಸೂರತ್ತಿನ ವಿಷಯ ಹೇಳಿದೆ. "ಬರುತ್ತೇನೆ ಅಂದನೇ?" ಎಂದು ಕೇಳಿದರು. ಇಲ್ಲ ಎಂದೆ. "ಹೂಂ," ಎಂದರು. ಅಷ್ಟೇ.

ಭಾನುವಾರ ಬಾಗಿಲು ಕಳಚುವ ಕೆಲಸ. ಮೇಲಿನ ಎರಡು ತಿರುಗಣಿ ಬಂದವು. ಕೆಳಗಿನದು ತುಕ್ಕು ಹಿಡಿದು ಒಂದಾಗಿಬಿಟ್ಟಿತ್ತು. ಎಣ್ಣೆ ಬಿಟ್ಟು ಕಾದೆವು, ಬಡಗಿ ಗರಗಸದ ಬ್ಲೇಡಿನಿಂದ ಮೊಳೆ ಕೊಯ್ದ. ಕೊನೆಗೆ ಸಣ್ಣ ಹಾರೆ ಹಾಕಬೇಕಾಯಿತು. ಚೌಕಟ್ಟು ಬಿಟ್ಟುಕೊಟ್ಟಾಗ ಇಡೀ ಬಾಗಿಲು ಅದುರಿತು. ಎರಡು ಸ್ಟ್ಯಾಂಡುಗಳ ಮೇಲೆ ಮಲಗಿಸಿ ನೋಡಿದರೆ ಹನ್ನೆರಡು ಸ್ಟಿಕ್ಕರುಗಳ ಅಂಚು ಎದ್ದು ನಿಂತಿವೆ. ನಲವತ್ತಮೂರು ಡಿಗ್ರಿ ಬಿಸಿಲು. ಸಿರಿಂಜಿನಲ್ಲಿ ಅಂಟು ತುಂಬಿ ಒಂದೊಂದು ಅಂಚಿನ ಕೆಳಗೂ ಬಿಡುತ್ತ ಹೋದೆ. ಒತ್ತಿ ಹಿಡಿಯಲು ಕೈ ಚಾಚಿದವಳು ತಡೆದು ನಿಂತೆ. ಈ ಸಲ ಕೇಳಿದೆ.

"ಒತ್ತಲೇ?"

ಉಸ್ತಾದರು ಮೊದಲ ಬಾರಿಗೆ ನಕ್ಕರು. "ಅವರವರದ್ದು ಅವರವರು ಒತ್ತಲಿ." ಗಲ್ಲಿಯಲ್ಲಿ ಯಾರನ್ನೋ ಕೂಗಿದರು. ಅರ್ಧ ಗಂಟೆಯಲ್ಲಿ ಮಣಿನಗರದ ಏಳು ಮಂದಿ ಕತ್ತರಿಸುವವರು ಬಂದು ತಮ್ಮ ತಮ್ಮ ಹದ್ದು, ಕುದುರೆ, ಕಣ್ಣುಗಳನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ನಿಂತರು. ದೂರದವರ ಐದನ್ನು ಉಸ್ತಾದರು ಒತ್ತಿದರು. ಗುರುವಿಗೆ ಅಷ್ಟು ಅಧಿಕಾರ ಉಂಟಂತೆ. ನಾನು ಗಡಿಯಾರ ನೋಡಿ ನಿಮಿಷ ಹೇಳುತ್ತಿದ್ದೆ. ಅಪ್ಪ ಎಲ್ಲರಿಗೂ ಮಜ್ಜಿಗೆ ಕಳಿಸಿದರು. ಆಮೇಲೆ ತಾವೇ ಬಂದು ಖಾಲಿ ಮೂಲೆ ನೋಡಿ, "ಈಗಲೇ ಸರಿಯಾದ ಗಿಳಿ. ಹಸಿರು ಬಣ್ಣ," ಎಂದರು. ಉಸ್ತಾದರು ಏನೆಂದು ಕೇಳಿದರು. ನಾನು ಅನುವಾದ ಮಾಡಲಿಲ್ಲ.

ಸೋಮವಾರ ಎಂಟಕ್ಕೆ ಗೋಡೆ ಒಡೆಯುವವರು ಬಂದರು. ಹಿಂದಿನ ಕೋಣೆಯಿಂದ ಶುರು ಮಾಡಿದರು. ಧೂಳು ಬರುತ್ತದೆಂದು ನಾವು ಬಾಗಿಲನ್ನು ಗಲ್ಲಿಯ ಆಚೆ ಬದಿಯ ನೆರಳಿಗೆ ತಂದೆವು. ಟೆಂಪೋ ಒಂಬತ್ತೂವರೆಗೆ ಬಂದು ನಿಂತಿತು. ನಾನು ಬಲಮೇಲಿನ ಮೂಲೆಯಿಂದ ಪ್ಯಾಕ್ ಮಾಡಲು ಹಿಡಿದೆ. ಮೊದಲು ಅಂಟದ ಹಾಳೆ, ಅದರ ಮೇಲೆ ಫೋಮ್, ಅದರ ಮೇಲೆ ಪ್ಲೈವುಡ್ಡಿನ ಹಲಗೆ. ಬೇಕೆಂದೇ ನಿಧಾನ ಮಾಡಿದೆ. ಹತ್ತೂವರೆಯ ಹೊತ್ತಿಗೆ ಎಡಕೆಳಗಿನ ಮೂಲೆಯೊಂದು ಉಳಿಯಿತು. ಹನ್ನೊಂದಾಯಿತು. ಉಸ್ತಾದರು ಸ್ಟೇಷನ್ನಿನ ಕಡೆಗೆ ಬೆನ್ನು ಮಾಡಿ ಸ್ಟೂಲಿನ ಮೇಲೆ ಕೂತಿದ್ದರು. ಗಾಡಿ ಬಂದ ಸದ್ದಾದಾಗಲೆಲ್ಲ ಅವರ ಕುತ್ತಿಗೆ ಬಿಗಿಯಾಗುತ್ತಿದ್ದುದು ನನಗೆ ಕಾಣುತ್ತಿತ್ತು.

"ಬೆನ್, ಮುಚ್ಚಿ," ಎಂದರು ಹನ್ನೊಂದೂ ಕಾಲಿಗೆ.

"ಇನ್ನೂ ಸಮಯ ಇದೆ."

"ಟ್ರಾಫಿಕ್ಕಿನಲ್ಲಿ ಒಂದು ತಾಸು ಬೇಕು," ಎಂದ ಟೆಂಪೋದವನು. ಅವನ ಮಾತು ಸರಿಯಾಗಿತ್ತು. ಎಂಬತ್ತಾರು ಜನರ ಕೆಲಸವನ್ನು ಒಬ್ಬನಿಗಾಗಿ ಬಿಸಿಲಿಗೆ ಬಿಡುವಂತಿರಲಿಲ್ಲ. ಹನ್ನೊಂದೂವರೆಗೆ ಹಾಳೆ ಕೈಗೆ ತೆಗೆದುಕೊಂಡೆ.

ಆಗ ಅವನು ಬಂದ. ಓಡಿ ಬಂದಿರಬೇಕು, ಅಂಗಿ ಬೆನ್ನಿಗೆ ಅಂಟಿತ್ತು. ಉಸ್ತಾದರ ಕಡೆ ನೋಡಲಿಲ್ಲ. ನೇರ ಬಾಗಿಲಿನ ಹತ್ತಿರ ಬಂದು, ಹಸಿರು ಗಿಳಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಚೀಲದಿಂದ ರಟ್ಟು ತೆಗೆದ. ಒಳಗೆ ಹೊಸ ಕೆಂಪು ಹಾಳೆಯ ಗಿಳಿ ಇತ್ತು. ನಕ್ಷೆಯ ಅಳತೆಗೆ ಸರಿಯಾಗಿ, ಯಂತ್ರದಲ್ಲಿ ಕತ್ತರಿಸಿದ್ದು.

ಯಂತ್ರದ್ದೇ ತರಬೇಕಿತ್ತೇ ಮಹಾರಾಯ ಎಂದುಕೊಂಡೆ.

ಉಸ್ತಾದರು ಎದ್ದು ಬಂದರು. ಮಗನ ಕೈಯಿಂದ ಗಿಳಿಯನ್ನು ತೆಗೆದುಕೊಂಡರು. ಕೊಕ್ಕಿನಿಂದ ಶುರು ಮಾಡಿ ಹೆಬ್ಬೆರಳ ಉಗುರನ್ನು ಅಂಚಿನ ಮೇಲೆ ಓಡಿಸಿದರು. ತಲೆ, ಬೆನ್ನು, ಬಾಲ. ಎಲ್ಲೂ ತಡೆಯಿಲ್ಲ. ನುಣುಪಾದ ಅಂಚು. ಅವರ ಮುಖ ಗಟ್ಟಿಯಾಗುತ್ತ ಹೋಯಿತು. ಹೊಟ್ಟೆಯ ಕೆಳಗಿನಿಂದ ಮೇಲೆ ಬಂದು ಕತ್ತಿನ ಹತ್ತಿರ ಉಗುರು ನಿಂತಿತು.

ಕಚ್ಚು ಅಲ್ಲಿತ್ತು. ಅದೇ ಜಾಗ, ಅದೇ ಓರೆ.

"ಯಂತ್ರ ಇದನ್ನು ಹೇಗೆ ಮಾಡಿತು?"

"ಅದು ಮಾಡಲಿಲ್ಲ. ಅಳಿಸಲು ನೋಡಿತು," ಎಂದ ಮಗ. "ಹಳೆಯದನ್ನು ಕಂಪ್ಯೂಟರಿಗೆ ತೋರಿಸಿದಾಗ ಕತ್ತು ನುಣ್ಣಗೆ ಮಾಡಿಬಿಟ್ಟಿತು. ಮೂರು ಸಲ. ಮೂರು ಸಲವೂ ನಾನು ಚುಕ್ಕಿ ಚುಕ್ಕಿ ಇಟ್ಟು ಮತ್ತೆ ಹಾಕಿದೆ. ಅದಿಲ್ಲದಿದ್ದರೆ ಅದು ನನ್ನದಲ್ಲ."

ಉಸ್ತಾದರು ಉಗುರನ್ನು ಅಲ್ಲಿಂದ ಎತ್ತಲಿಲ್ಲ.

"ಆ ದಿನ ಬ್ಲೇಡ್ ಹಳೆಯದಿತ್ತು," ಎಂದರು. "ಹೊಸದನ್ನು ನಾನು ಇಟ್ಟುಕೊಂಡು ನಿನಗೆ ಹಳೆಯದು ಕೊಟ್ಟಿದ್ದೆ. ನಿನ್ನ ಕೈ ಜಾರಲಿಲ್ಲ."

ಮಗ ಅವರ ಮುಖ ನೋಡಿದ. ಎಷ್ಟು ಹೊತ್ತು ಹಾಗೇ ನೋಡಿದನೋ, ನಾನು ಆ ಸಮಯವನ್ನು ಮಾತ್ರ ಎಣಿಸಲಿಲ್ಲ. ಉಸ್ತಾದರು ಗಿಳಿಯನ್ನು ಅವನಿಗೆ ಹಿಂದೆ ಕೊಟ್ಟರು. ಅವನು ಹಿಂಬದಿಯ ಕಾಗದ ಬಿಡಿಸಿ, ಕೊಕ್ಕನ್ನು ಹಸಿರು ಕೊಕ್ಕಿನ ಮೇಲೆ ಕೂರಿಸಿ, ಅಲ್ಲಿಂದ ಬಾಲದವರೆಗೆ ಅಂಗೈಯಲ್ಲಿ ಒತ್ತುತ್ತ ಬಂದ. ಹಸಿರು ಒಂದು ಎಳೆಯೂ ಕಾಣದಂತೆ ಮುಚ್ಚಿಹೋಯಿತು. ಉಸ್ತಾದರು ಬಗ್ಗಿ ಕತ್ತಿನ ಹತ್ತಿರ ತಮ್ಮ ಹೆಬ್ಬೆರಳನ್ನೂ ಒತ್ತಿದರು. ನನಗೆ ಅಳು ಬಂತು. ಧೂಳು ಎಂದು ಟೆಂಪೋದವನಿಗೆ ಹೇಳಿದೆ.

ಒಂದಕ್ಕೆ ಹತ್ತು ನಿಮಿಷವಿದ್ದಾಗ ಬಾಗಿಲು ಸಂಗ್ರಹಾಲಯದ ಕೋಣೆ ಸೇರಿತು. ಮೇಲ್ವಿಚಾರಕಿ ಪಟ್ಟಿಯನ್ನೂ ಬಾಗಿಲನ್ನೂ ತಾಳೆ ನೋಡುತ್ತ ಎಂಬತ್ತಮೂರಕ್ಕೆ ಬಂದು ನಿಂತರು. "ಇದು ಹೊಸದಾಗಿದೆಯಲ್ಲ. ಹಳೆಯದೆಲ್ಲಿ?"

"ಯಾರದ್ದೋ ಅವರ ಹತ್ತಿರ ಇದೆ," ಎಂದೆ.

ಅವರು ಬೈದರು, ಬೈಯುವುದು ನ್ಯಾಯವೇ ಆಗಿತ್ತು. ಆಮೇಲೆ ನೋಂದಣಿ ಪುಸ್ತಕ ನನ್ನ ಮುಂದೆ ತಳ್ಳಿದರು. ಒಂದೊಂದು ಸ್ಟಿಕ್ಕರಿಗೂ ಒಂದೊಂದು ಸಾಲು. ನಂಬರ್, ಚಿತ್ರ, ಬಣ್ಣ, ಕತ್ತರಿಸಿದ ಬಗೆ. ಕೊನೆಯ ಕಾಲಮ್ಮಿನಲ್ಲಿ ಕೈ ಅಥವಾ ಯಂತ್ರ ಎಂದು ಬರೆಯಬೇಕು. ಎಂಬತ್ತಾರು ಸಾಲುಗಳಿಗೆ ಕೈ ಎಂದು ಬರೆದೆ. ಎಂಬತ್ತಮೂರರ ಮುಂದೆ ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತೆ. ಯಂತ್ರ ಎಂದು ಬರೆದೆ, ನಿಯಮ ನಿಯಮವೇ. ಅದರ ಪಕ್ಕದಲ್ಲಿ, ಜಾಗ ಸಾಲದಿದ್ದರೂ, ಸಣ್ಣ ಅಕ್ಷರದಲ್ಲಿ ಸೇರಿಸಿದೆ: ನಡೆಸಿದ್ದು ಮೊದಲಿನದನ್ನು ಕತ್ತರಿಸಿದ ಕೈಯೇ.